ಗಡಿ ದಾಟುವ ಹೊಗೆ: ಉಪಗ್ರಹವೋ, ಗಾಳಿಯ ಜಾಡೋ?

ಲಾಹೋರ್, ಅಮೃತಸರಗಳ ನಡುವೆ ಹೊಗೆ ಎತ್ತ ಸಾಗುತ್ತದೆಂದು ತಿಳಿಯಲು ಉಪಗ್ರಹದ ನಕ್ಷೆ, ಗಾಳಿಯ ಜಾಡಿನ ಲೆಕ್ಕ ಇವೆರಡರಲ್ಲಿ ಯಾವುದನ್ನು ಬಳಸಲಿ ಎಂದು ದಾವಣಗೆರೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

2017ರಲ್ಲಿ ಹಾರಿದ, ಗಾಳಿಯ ಮಾಲಿನ್ಯ ಅಳೆಯುವ ಯುರೋಪಿನ ಸೆಂಟಿನೆಲ್-5ಪಿ ಉಪಗ್ರಹ ಮಧ್ಯಾಹ್ನ 1.30ರ ಸುಮಾರಿಗೆ ಹಾದುಹೋಗುತ್ತದೆ. ಮಾಲಿನ್ಯ ಎಲ್ಲಿ ದಟ್ಟವಾಗಿದೆ ಎಂಬುದನ್ನು ನಕ್ಷೆಯಲ್ಲಿ ಕಣ್ಣಿಗೆ ಕಟ್ಟಿಕೊಡುತ್ತದೆ. ದಟ್ಟ ಮೋಡ ಕವಿದರೆ ಕಾಣದು. ಅದರ ನೈಟ್ರೋಜನ್ ಡೈಆಕ್ಸೈಡ್ ನಕ್ಷೆಯನ್ನೇ ನಂಬಿ ಕೂರಬೇಡಿ. ಆ ಅನಿಲ ಕೆಲವೇ ಗಂಟೆಗಳಲ್ಲಿ ಕರಗುತ್ತದೆ. ದೂರದ ಪಯಣ ಹಿಡಿಯಲು ವಾರಗಟ್ಟಲೆ ಉಳಿಯುವ ಕಾರ್ಬನ್ ಮಾನಾಕ್ಸೈಡ್‌ನ ನಕ್ಷೆ ಬೇಕು.

ಗಾಳಿಯ ಜಾಡು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಹೈಸ್ಪ್ಲಿಟ್. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾ (NOAA) ಇದನ್ನು ಉಚಿತವಾಗಿ ಕೊಡುತ್ತದೆ. ಊರಿಗೆ ಬಂದ ಗಾಳಿ ಮೂರು ದಿನ ಹಿಂದೆ ಎಲ್ಲಿತ್ತೆಂದು ಗೆರೆ ಎಳೆದು ತೋರಿಸುತ್ತದೆ. ಆ ಗಾಳಿಯಲ್ಲಿ ಏನಿತ್ತೆಂದು ಮಾತ್ರ ಹೇಳದು.

ದಿಕ್ಕೇ ಮುಖ್ಯವಾದ್ದರಿಂದ ಹೈಸ್ಪ್ಲಿಟ್‌ನಿಂದಲೇ ಶುರುಮಾಡು ಎಂದೆ. ಆದರೆ 100 ಮೀಟರ್, 1000 ಮೀಟರ್ ಎರಡೂ ಎತ್ತರಕ್ಕೆ ಲೆಕ್ಕ ಹಾಕಬೇಕು. ಎರಡು ಗೆರೆಗಳು ಬೇರೆ ಬೇರೆ ದೇಶಗಳಿಂದಲೇ ಬರಬಹುದು.