ಹೊಸ ರೂಪದ ನಮ್ಮ ಬೀದಿ: ಐದಕ್ಕೆ ಮೂರೂವರೆ

ಬೀದಿಗೂ ವಿಮರ್ಶೆಯಾ ಅಂತ ನಗಬೇಡಿ, ದಿನಕ್ಕೆ ನಾಲ್ಕು ಸಲ ನಾನು ಬಳಸೋದು ಇದನ್ನೇ. ಕೆಲಸ ಮುಗಿದು ಆರು ತಿಂಗಳಾಯ್ತು.

ತುಂಬಾ ಹಿಡಿಸಿದ್ದು ಮೂಲೆ ತಿರುವು. ಮೊದಲು ಅದು ಎಷ್ಟು ಅಗಲವಿತ್ತೆಂದರೆ ಕಾರುಗಳು ಬ್ರೇಕ್ ಮುಟ್ಟದೇ ನುಗ್ಗುತ್ತಿದ್ದವು. ಈಗ ಫುಟ್‌ಪಾತ್ ಅಂಚನ್ನು ಮುಂದಕ್ಕೆ ಚಾಚಿ ತಿರುವು ಬಿಗಿ ಮಾಡಿದ್ದಾರೆ. ಮಂಡಿನೋವಿನ ಅಮ್ಮ 14 ಹೆಜ್ಜೆ ಹಾಕಿ ದಾಟುತ್ತಿದ್ದಲ್ಲಿ ಈಗ 8 ಸಾಕು. ಪಕ್ಕದಲ್ಲಿ ನಿಂತು ನಾನೇ ಎಣಿಸಿದೆ. ದಾಟುವ ಜಾಗ ಫುಟ್‌ಪಾತ್ ಮಟ್ಟಕ್ಕೇ ಎತ್ತರಿಸಿರೋದರಿಂದ ಹತ್ತಿಳಿಯುವ ಕಷ್ಟ ಅಮ್ಮನಿಗಲ್ಲ, ಕಾರಿಗೆ!

ವೇಗದ ಮಿತಿ 50ರಿಂದ 30 ಕಿ.ಮೀ.ಗೆ ಇಳಿದಿದೆ. ಡಿಕ್ಕಿಯಾದರೆ ಅದರ ಹೊಡೆತದ ಶಕ್ತಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಬರೀ ಫಲಕ ನೋಡಿ ನಿಧಾನಿಸುವವರು ಎಷ್ಟು ಜನ? ರಸ್ತೆ ಕಿರಿದಾಗಿ, ಅಂಕುಡೊಂಕಾಗಿ ಕಂಡರೆ ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ನೆದರ್ಲೆಂಡ್ಸ್‌ನವರು ಇಂಥ ಬೀದಿಗಳಿಗೆ 1976ರಲ್ಲೇ ಕಾನೂನು ಮಾಡಿದ್ದರು.

ಸೈಕಲ್ ಪಟ್ಟಿ ಮಾತ್ರ ಎಡವಟ್ಟು. ನಿಂತ ಕಾರುಗಳಿಗೆ ಅಂಟಿಕೊಂಡಂತೆ ಬಿಳಿ ಗೆರೆ ಎಳೆದಿದ್ದಾರೆ, ನಡುವೆ ಒಂದು ಗೇಣು ಜಾಗವಿಲ್ಲ. ಕಳೆದ ತಿಂಗಳು ಯಾರೋ ಹಿಂದೆ ನೋಡದೆ ಬಾಗಿಲು ತೆಗೆದರು. ನಾನು ಹ್ಯಾಂಡಲ್ ತಿರುಗಿಸಿ ಬಚಾವಾದೆ, ಮೊಣಕೈ ತರಚಿತು. ಕಾರುಗಳನ್ನು ಗೆರೆಯ ಆಚೆ ನಿಲ್ಲಿಸಿ, ಮಧ್ಯೆ ಒಂದು ಮೀಟರ್ ಬಿಟ್ಟು, ಸೈಕಲ್ಲನ್ನು ಫುಟ್‌ಪಾತ್ ಕಡೆಗೆ ತಂದಿದ್ದರೆ ಸರಿಹೋಗುತ್ತಿತ್ತು.

ಇನ್ನೊಂದು: ಎತ್ತರಿಸಿದ ದಾಟುಜಾಗದ ಮೇಲ್ಬದಿಗೆ ಚರಂಡಿ ಕಿಂಡಿ ಬಿಟ್ಟಿಲ್ಲ. ಮಳೆ ಬಂದರೆ ಅಲ್ಲಿ ಪಾದ ಮುಳುಗುವಷ್ಟು ನೀರು. ಅಮ್ಮ ಆ ದಿನ ಹಳೇ ಜಾಗದಲ್ಲೇ ದಾಟುತ್ತಾಳೆ.