ಪುಂಡಿಪಲ್ಯದ ಬಾಯಿಗೆ ರುಬಾರ್ಬ್: ಟಿಂಪರ್ಲಿಯೋ, ವಿಕ್ಟೋರಿಯಾವೋ?

ರುಬಾರ್ಬ್ ಅಂದರೆ ಹುಳಿ ದಂಟಿನ ಗಿಡ; ಪುಂಡಿಪಲ್ಯದ ಹುಳಿಗೆಂದು ಅದರ ಎರಡು ಜಾತಿ ನೆಟ್ಟಿದ್ದೇನೆ. ಹನ್ನೆರಡು ಪೌಂಡ್ ಕೊಟ್ಟು ತಂದ ಟಿಂಪರ್ಲಿ ಅರ್ಲಿ ಹಿತ್ತಲಿನ ಒಳ್ಳೆಯ ಬಿಸಿಲಿನ ಮೂಲೆಯಲ್ಲಿ ಮೂರನೆಯ ಬೇಸಿಗೆಯೂ ಮುನಿಸಿಕೊಂಡು ಕೂತಿದೆ. ಪಕ್ಕದ ಮನೆಯ ಅಜ್ಜ ಗುದ್ದಲಿಯಿಂದ ಸೀಳಿ, ಹಳೇ ಗೊಬ್ಬರದ ಚೀಲದಲ್ಲಿ ತುಂಬಿ, ಬೇಲಿಯ ಮೇಲಿಂದ ದಾಟಿಸಿದ ವಿಕ್ಟೋರಿಯಾ ಗಡ್ಡೆ ಕಸದ ಡಬ್ಬಿಯ ಹಿಂದೆ ಆನೆಕಿವಿಯಂಥ ಎಲೆ ಬಿಟ್ಟಿದೆ. ನಾನು ಯಾರ ಕಡೆ ಎಂಬುದು ಗುಟ್ಟೇನಲ್ಲ.

ನಾವಿರುವುದು ಇಂಗ್ಲೆಂಡಿನ ವೇಕ್‌ಫೀಲ್ಡ್‌ನಲ್ಲಿ. ವೇಕ್‌ಫೀಲ್ಡ್, ಮೋರ್ಲಿ, ರಾತ್‌ವೆಲ್ ಊರುಗಳ ನಡುವಿನ ನೆಲಕ್ಕೆ ರುಬಾರ್ಬ್ ತ್ರಿಕೋನ ಎಂದೇ ಹೆಸರು. ಚಳಿಗಾಲದಲ್ಲಿ ಗಡ್ಡೆಗಳನ್ನು ಹೊಲದಿಂದ ಎತ್ತಿ ಕತ್ತಲ ಶೆಡ್ಡುಗಳಲ್ಲಿಟ್ಟು, ಮೇಣದ ಬತ್ತಿಯ ಬೆಳಕಿನಲ್ಲಿ ಗುಲಾಬಿ ದಂಟು ಕೀಳುತ್ತಾರೆ. ಧಾರವಾಡ ಪೇಡೆಗೆ ನಮ್ಮಲ್ಲಿ ಇರುವಂಥ ಊರಿನ ಹೆಸರಿನ ಮಾನ್ಯತೆ ಇದಕ್ಕೂ 2010ರಲ್ಲಿ ಯುರೋಪಿನಿಂದ ಸಿಕ್ಕಿದೆ. ಆ ಗುಲಾಬಿ ಬಣ್ಣ ನೋಡಿಯೇ ನನ್ನ ತಲೆ ಕೆಟ್ಟದ್ದು.

ಎರಡೂ ಗಡ್ಡೆಗಳನ್ನು ಒಂದೇ ನವೆಂಬರಿನಲ್ಲಿ ನೆಟ್ಟೆ. ಮೊಗ್ಗು ಮಣ್ಣಿನ ಮಟ್ಟದಲ್ಲೇ ಇರಲಿ, ಒಳಗೆ ಹೂತರೆ ಈ ಅಂಟುಮಣ್ಣಿನಲ್ಲಿ ಕೊಳೆಯುತ್ತದೆ ಅಂದರು ಅಜ್ಜ. ಮೊದಲ ವರ್ಷ ಒಂದು ದಂಟನ್ನೂ ಮುಟ್ಟಲಿಲ್ಲ. ಇಲ್ಲಿಯವರೆಗೆ ನಾನು ಜಾಣನೇ.

ಎರಡನೆಯ ಚಳಿಗಾಲದ ಜನವರಿಯಲ್ಲಿ ಟಿಂಪರ್ಲಿಯ ಮೇಲೆ ಕಪ್ಪು ಬಕೆಟ್ ಬೋರಲು ಹಾಕಿ, ಗಾಳಿಗೆ ಹಾರದಂತೆ ಇಟ್ಟಿಗೆ ಹೇರಿದೆ. ಫೆಬ್ರವರಿ ಕೊನೆಗೆ ಎತ್ತಿ ನೋಡಿದರೆ ಏಳು ದಂಟು, ತುದಿಗೆ ಮುದುಡಿದ ಹಳದಿ ಎಲೆ. ನೋಡಲು ಬಲು ಚೆಂದ. ಏಳನ್ನೂ ಕಿತ್ತು ಪಲ್ಯ ಮಾಡಿದೆ. ಹುಳಿಯೇ ಇಲ್ಲ! ಹುಳಿಗೆಂದು ಬೆಳೆದ ಗಿಡದ ಪಲ್ಯಕ್ಕೆ ಕೊನೆಗೆ ನಿಂಬೆಹಣ್ಣು ಹಿಂಡಿದೆ.

ನಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಆ ಬೇಸಿಗೆಯಿಡೀ ಗಿಡ ಕೊಟ್ಟದ್ದು ಕಿರುಬೆರಳಿನ ದಪ್ಪದ ನಾಲ್ಕು ದಂಟು. ಕತ್ತಲಲ್ಲಿ ಎಲೆ ಅಡುಗೆ ಮಾಡಿಕೊಳ್ಳುವುದಿಲ್ಲ, ದಂಟು ಬೆಳೆಯುವುದು ಗಡ್ಡೆಯಲ್ಲಿ ಕೂಡಿಟ್ಟದ್ದನ್ನು ತಿಂದು. ವರ್ಷದ ಕೂಸಿನ ಗಡ್ಡೆಯಲ್ಲಿ ಏನು ಕೂಡಿಟ್ಟಿರುತ್ತದೆ? ಶೆಡ್ಡಿನವರು ಗಡ್ಡೆಯನ್ನು ಎರಡು ವರ್ಷ ಹೊಲದಲ್ಲಿ ಕೊಬ್ಬಿಸಿ ಒಳಗೆ ತರುತ್ತಾರೆ, ಒಂದು ಬೆಳೆ ತೆಗೆದು ಗೊಬ್ಬರಕ್ಕೆ ಹಾಕುತ್ತಾರೆ. ಮನೆಯಲ್ಲಾದರೆ ಗಿಡ ಚೆನ್ನಾಗಿ ಬೇರೂರಿದ ಮೇಲೆ ಒಮ್ಮೆ ಮುಚ್ಚಿ, ಆಮೇಲೆ ಎರಡು ವರ್ಷ ವಿಶ್ರಾಂತಿ ಕೊಡಬೇಕು. ಕುಂಡದ ಚೀಟಿಯ ಮೇಲೆ ಇದ್ದದ್ದು 'ಬೇಗ ಕೊಯ್ಲು' ಎಂಬುದೊಂದೇ.

ಬಕೆಟ್ ಹಾಕಿದ್ದು ಗಿಡದ ತಪ್ಪಲ್ಲ, ಒಪ್ಪುತ್ತೇನೆ. ತೆರೆದ ನೆಲದಲ್ಲೇ ಬಿಟ್ಟರೆ ಟಿಂಪರ್ಲಿ ಎಲ್ಲರಿಗಿಂತ ಮೊದಲು, ಮಾರ್ಚಿನಲ್ಲೇ ದಂಟು ಕೊಡುತ್ತದೆ. ಸಕ್ಕರೆ ಹಾಕಿ ಬೇಯಿಸಿ ಕಸ್ಟರ್ಡ್ ಜೊತೆ ತಿನ್ನುವವರಿಗೆ ಅದೇ ಸರಿ.

ವಿಕ್ಟೋರಿಯಾ ಹಳೇ ಜಾತಿ. ಡೆಪ್ಟ್‌ಫರ್ಡ್‌ನ ಜೋಸೆಫ್ ಮಯಟ್ ಎಂಬ ತೋಟಗಾರ 1837ರಲ್ಲಿ ಹೊಸ ರಾಣಿಯ ಹೆಸರಿಟ್ಟು ಮಾರುಕಟ್ಟೆಗೆ ತಂದದ್ದು. ಬರುವುದು ತಡ. ಬುಡ ಕೆಂಪು, ಮೇಲೆಲ್ಲ ಹಸಿರು, ದಪ್ಪ. ಹಳತಾದರೆ ನಾರು, ಸುಲಿಯಬೇಕು. ಹೂದಂಟು ಎಬ್ಬಿಸುವ ಚಾಳಿ ಬೇರೆ, ಕಂಡಕೂಡಲೇ ಬುಡದಲ್ಲೇ ಕತ್ತರಿಸುತ್ತೇನೆ. ಆದರೆ ಹುಳಿ? ಮೊದಲ ತುತ್ತಿಗೇ ಒಂದು ಕಣ್ಣು ತಾನಾಗಿ ಮುಚ್ಚಿತು.

ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಮೊದಲೇ ಮೆತ್ತಗೆ ಬೇಯಬೇಕು, ಹುಳಿ ಸೇರಿದ ಮೇಲೆ ಬೇಳೆ ಬೇಯಲು ಹಟ ಮಾಡುತ್ತದೆ. ಕೊನೆಗೆ ಹೆಚ್ಚಿದ ದಂಟು ಹಾಕಿದರೆ ಹತ್ತು ನಿಮಿಷದಲ್ಲಿ ಕರಗಿ ಒಂದಾಗುತ್ತದೆ. ಮೇಲೆ ಧಾರಾಳ ಬೆಳ್ಳುಳ್ಳಿ ಒಗ್ಗರಣೆ. ಪಾತ್ರೆ ಸ್ಟೀಲಿನದಿರಲಿ, ಅಲ್ಯುಮಿನಿಯಂ ಬೇಡ. ಪುಂಡಿಯ ಘಮ ಬರುವುದಿಲ್ಲ, ಹುಳಿ ಮಾತ್ರ ಅದರ ಹತ್ತಿರಕ್ಕೆ ಬರುತ್ತದೆ.

ಅವ್ವ ವಿಡಿಯೋ ಕಾಲ್‌ನಲ್ಲಿ ನೋಡಿ, "ಅಷ್ಟ್ ಛಲೋ ಎಲಿ ತಿಪ್ಪಿಗೆ ಒಗದು ದಂಟ್ ತಿಂತೀಯಲ್ಲೋ, ಹುಚ್ಚ ಹಿಡದೈತೇನ?" ಅಂದಳು. ಪುಂಡಿಯ ಲೆಕ್ಕ ಇಲ್ಲಿ ತಲೆಕೆಳಗು. "ಎಲಿ ವಿಷ ಅದಬೇ" ಅಂದರೂ ನಂಬಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ತರಕಾರಿ ಸಾಲದೆ ಈ ಎಲೆಯನ್ನೂ ಬೇಯಿಸಿ ತಿನ್ನಿ ಎಂದು ಬ್ರಿಟನ್ನಿನಲ್ಲಿ ಸಲಹೆ ಕೊಟ್ಟು, ತಿಂದವರು ವಿಷವೇರಿ ಮಲಗಿದ್ದುಂಟು. ಆಕ್ಸಾಲಿಕ್ ಆಮ್ಲ ದಂಟಿನಲ್ಲೂ ಕೊಂಚ ಇದೆ, ಮೂತ್ರಪಿಂಡದಲ್ಲಿ ಕಲ್ಲಾದವರು ಡಾಕ್ಟರನ್ನು ಕೇಳಿಯೇ ತಿನ್ನಲಿ. ಎಲೆ ತಿಪ್ಪೆಗೆ ಹಾಕಿದರೆ ತೊಂದರೆಯಿಲ್ಲ.

ಬೀಜದಿಂದಲೂ ನೋಡಿದೆ. ಒಂದೊಂದು ಸಸಿ ಒಂದೊಂದು ಬಣ್ಣ, ಎಲ್ಲವೂ ಕಡ್ಡಿ. ಬೇಡ.

ಫೆಬ್ರವರಿಯಲ್ಲಿ ಅಂಗಡಿಗೆ ಬರುವ ಶೆಡ್ಡಿನ ದಂಟು ನೆಂಟರು ಬಂದಾಗ ಸರಿ, ವಾರದ ಅಡುಗೆಗೆ ಕಟ್ಟಿಕೊಳ್ಳಲಾಗದು.

ನಮ್ಮದು ಶನಿವಾರ ರೊಟ್ಟಿ ಬಡಿಯುವ ಮನೆ, ಸಿಹಿ ಅಪರೂಪ. ವಿಕ್ಟೋರಿಯಾದ ದಂಟನ್ನು ಜೂನ್ ಕೊನೆಯವರೆಗೆ ಬುಡದಲ್ಲಿ ತಿರುಚಿ ಎಳೆದು, ಹೆಚ್ಚಿ, ಹಸಿಯಾಗಿಯೇ ಫ್ರೀಜರಿಗೆ ಹಾಕಿದರೆ ಚಳಿಗಾಲ ದಾಟುತ್ತದೆ. ಖರ್ಚು ಸೊನ್ನೆ, ಅಜ್ಜನಿಗೆ ಕೊಟ್ಟ ಒಂದು ಡಬ್ಬಿ ಶೇಂಗಾ ಚಟ್ನಿ ಬಿಟ್ಟರೆ. ನವೆಂಬರಿನಲ್ಲಿ ಇನ್ನೊಂದು ಹೋಳು ಕೇಳಬೇಕು. ಟಿಂಪರ್ಲಿಯನ್ನು ಕೀಳುವುದಿಲ್ಲ, ಮಗಳಿಗೆ ಶಾಲೆಯ ಕಸ್ಟರ್ಡ್ ರುಚಿ ಹತ್ತಿದೆ. ಬಕೆಟ್ ಮಾತ್ರ ಈಗ ಕಾರು ತೊಳೆಯಲು.