ಬಾಡಿಗೆ ಪ್ರೊಜೆಕ್ಟರ್‌ನಲ್ಲಿ ‘ಬೆಟ್ಟದ ಹೂವು’

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಗೆ ಹತ್ತಿರದ ಅಂಗಡಿಯೊಂದು ಪ್ರೊಜೆಕ್ಟರನ್ನು ಬಾಡಿಗೆಗೆ ಕೊಡುತ್ತದೆ. ದಿನಕ್ಕೆ 800 ರೂಪಾಯಿ. ನಾನು ತಂದದ್ದು ಒಂದೇ ಕಾರಣಕ್ಕೆ: ನಾನು ಬಾಲ್ಯದಲ್ಲಿ ಕಣ್ಣೀರಿಡುತ್ತಾ ನೋಡಿದ 1985ರ ‘ಬೆಟ್ಟದ ಹೂವು’ ಚಿತ್ರವನ್ನು ನನ್ನ ಮಕ್ಕಳು ಮೊಬೈಲಿನಲ್ಲಿ ನೋಡಬಾರದು.

ಬೆಳಕು ಚೆನ್ನಾಗಿದೆ, ಬಣ್ಣವೂ ಪರವಾಗಿಲ್ಲ. ಹಜಾರದ ಬಿಳಿ ಗೋಡೆಯೇ ಸಾಕು, ಪರದೆ ಬೇಡ. ಆದರೆ ಒಳಗಿನ ಸ್ಪೀಕರ್ ತೀರಾ ಕ್ಷೀಣ. ರಾಜನ್–ನಾಗೇಂದ್ರ ನಮ್ಮ ಮೈಸೂರಿನವರೇ. ಅವರ ಸಂಗೀತ ಯಂತ್ರದ ಫ್ಯಾನಿನ ಸದ್ದಿನಲ್ಲಿ ಮುಳುಗುವುದನ್ನು ಸಹಿಸಲಾಗದೆ ಟಿ.ವಿ.ಯ ಸ್ಪೀಕರನ್ನು ಜೋಡಿಸಿದೆ. ಅಲ್ಲಿಂದ ಮುಂದೆ ಯಾವ ತಕರಾರೂ ಇಲ್ಲ.

ಬೆಟ್ಟದ ಬಡ ಹುಡುಗ ರಾಮು ಕಾಡುಹೂ ಹುಡುಕಿ ಮಾರಿ, ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’ ಕೊಳ್ಳಲು ಕಾಸಿಗೆ ಕಾಸು ಕೂಡಿಡುತ್ತಾನೆ. ಮೊದಲರ್ಧದಲ್ಲಿ ಮಗ ಎರಡು ಬಾರಿ ಅಡುಗೆಮನೆಗೆ ಹೋಗಿಬಂದ; ನಿಧಾನಗತಿಯ ಚಿತ್ರ, ನಿಜ. ಆದರೆ ಕೊನೆಗೆ ರಾಮು ಆ ಹಣದಲ್ಲಿ ಮನೆಯವರಿಗೆ ಕಂಬಳಿ ಕೊಂಡಾಗ ಮಗಳು ನನ್ನ ತೋಳು ಹಿಡಿದೆಳೆದು, “ಅಪ್ಪಾ, ಹಾಗಾದರೆ ಪುಸ್ತಕ?” ಎಂದಳು. ಅವಳ ಗಂಟಲು ಕಟ್ಟಿತ್ತು. ಗೋಡೆಯ ತುಂಬ ಪುನೀತ್ ಅವರ ಆ ಪುಟ್ಟ ಮುಖ. ಈ ಪಾತ್ರಕ್ಕೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಏಕೆ ಬಂತೆಂದು ನಾನು ಮಕ್ಕಳಿಗೆ ವಿವರಿಸಬೇಕಾಗಲಿಲ್ಲ.

ಅಂಗಡಿಯವರು ಸ್ಪೀಕರನ್ನೂ ಜೊತೆಗೆ ಕೊಡುವುದಾದರೆ ಇನ್ನೂ ನೂರು ರೂಪಾಯಿ ಹೆಚ್ಚು ಕೊಡಲು ನಾನು ಸಿದ್ಧ. ನೀವು ತರುವುದಾದರೆ ಎಚ್‌ಡಿಎಂಐ ಕೇಬಲ್ ಚೀಲದಲ್ಲಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.